ಡಿಸ್ಚಾರ್ಜ್ ಆದಮೇಲೂ ಕೈಬಿಡದ ಸಿಸ್ಟರ್: ಇದು ಹುದ್ದೆಯೋ, ಅವರ ಒಳ್ಳೆಯತನವೋ?

ಗಂಗಾವತಿ_ಸೊಸೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಲಕ್ವ ಹೊಡೆದು ಬಲಭಾಗದ ಸ್ವಾಧೀನ ತಪ್ಪಿದ್ದರಿಂದ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೆವು. ಚಿಕಿತ್ಸೆಯ ವಿಷಯ ಇಲ್ಲಿ ಎತ್ತುವುದಿಲ್ಲ. ನಾನು ಕೇಳಬೇಕೆಂದಿರುವುದು ಮನೆಗೆ ಕಳುಹಿಸಿದ ಬಗೆಯನ್ನು ಕುರಿತು.

ಡಿಸ್ಚಾರ್ಜಿನ ಮಾತು ಬರುವ ಮೊದಲೇ ಆ ವಾರ್ಡಿನ ಸಿಸ್ಟರ್ ಒಬ್ಬರು, ಮನೆಯಲ್ಲಿರುವ ಹಳೆಯ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬರಬೇಕೆಂದು ನಮ್ಮ ಮೈದುನನಿಗೆ ಹೇಳಿ ಕಳುಹಿಸಿದ್ದರು. ಚೀಲವನ್ನು ಮಂಚದ ಮೇಲೆ ಸುರಿದು ನೋಡಿದರೆ ರಕ್ತದೊತ್ತಡದ ಟೆಲ್ಮಿಸಾರ್ಟನ್ ಮಾತ್ರೆಯೇ ಎರಡು ಕಂಪನಿಯ ಎರಡು ಹೆಸರಿನಲ್ಲಿತ್ತು, ಆಸ್ಪತ್ರೆಯವರು ಹೊಸದಾಗಿ ಬರೆದುಕೊಟ್ಟದ್ದೂ ಅದೇ ಔಷಧವಾಗಿತ್ತು. ಅವರು ನೋಡದೆ ಹೋಗಿದ್ದರೆ ಮೂರನ್ನೂ ಶ್ರದ್ಧೆಯಿಂದ ನುಂಗಿಸುತ್ತಿದ್ದೆವು. ಆಮೇಲೆ ಮೂಗಿನ ಟ್ಯೂಬಿನಲ್ಲಿ ಗಂಜಿ ಕೊಡುವುದನ್ನು ತಾವು ಮಾಡಿ ತೋರಿಸಿ, ನನ್ನ ಕೈಯಿಂದ ಮಾಡಿಸಿ, "ಕೆಮ್ಮು ಬಂದರೆ ಏನು ಮಾಡುತ್ತೀರಿ?" ಎಂದು ನನ್ನನ್ನೇ ಕೇಳಿದರು. ಊರಿಗೆ ಬಂದ ಮೇಲೂ ಅವರೇ ಫೋನ್ ಮಾಡಿ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆಯೇ ಎಂದು ವಿಚಾರಿಸಿದರು.

ಇದಕ್ಕೆ ತದ್ವಿರುದ್ಧವಾಗಿ, ಸೊಂಟದ ಮೂಳೆ ಮುರಿದಿದ್ದ ನಮ್ಮ ಚಿಗವ್ವನನ್ನು ಬೇರೊಂದು ಆಸ್ಪತ್ರೆಯಿಂದ ಕಳುಹಿಸುವಾಗ ಕೈಗೆ ಸಿಕ್ಕಿದ್ದು ಇಂಗ್ಲಿಷಿನ ಒಂದು ಹಾಳೆ ಮಾತ್ರ. ಆದ್ದರಿಂದ ನನ್ನ ಪ್ರಶ್ನೆ ಇಷ್ಟೆ: ಹೀಗೆ ಮನೆ ಮುಟ್ಟುವವರೆಗೂ ನೋಡಿಕೊಳ್ಳುವ ನರ್ಸ್ ಎಂಬ ಹುದ್ದೆ ನಮ್ಮ ಆಸ್ಪತ್ರೆಗಳಲ್ಲಿ ಇದೆಯೇ? ಇದ್ದರೆ ಕೇಳಿ ಪಡೆಯುವುದು ಹೇಗೆ?

ಕೌಲ್‌ಬಜಾರ್_ಹುಡುಗ

ಅಂಥವರು ವಾರ್ಡಿಗೊಬ್ಬರಿದ್ದರೆ ಎಷ್ಟೋ ಮಂದಿ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ ಅಕ್ಕಾ.

ಸಿಂಧನೂರಿನ_ಸಿಸ್ಟರ್

ನಾನು ಇದೇ ವೃತ್ತಿಯಲ್ಲಿರುವವಳು, ಆದ್ದರಿಂದ ನೇರವಾಗಿ ಹೇಳುತ್ತೇನೆ. ನಾನು ಕೆಲಸ ಮಾಡಿದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಅಂಥ ಪ್ರತ್ಯೇಕ ಹುದ್ದೆಯನ್ನು ನಾನು ಕಂಡಿಲ್ಲ. ನಮ್ಮದೆಲ್ಲ ಶುಶ್ರೂಷಾಧಿಕಾರಿ ಎಂಬ ಒಂದೇ ಹೆಸರು, ಡ್ಯೂಟಿಯಲ್ಲಿ ಯಾರಿರುತ್ತಾರೋ ಅವರೇ ಡಿಸ್ಚಾರ್ಜ್ ಮಾಡುತ್ತಾರೆ. ನೀವು ಕಂಡ ಸಿಸ್ಟರ್ ತಮ್ಮ ಪಾಲಿನ ಕೆಲಸ ಮುಗಿಸಿ, ಅದರ ಮೇಲೆ ಇದನ್ನೂ ಮಾಡಿದ್ದಾರೆ.

ತಾಪತ್ರಯ ಎಲ್ಲಿ ಆಗುತ್ತದೆಂದರೆ, ದೊಡ್ಡ ಡಾಕ್ಟರು ಬೆಳಿಗ್ಗೆ ರೌಂಡ್ಸ್ ಬಂದು "ಇವರನ್ನು ಕಳುಹಿಸಿ" ಎನ್ನುತ್ತಾರೆ, ಡಿಸ್ಚಾರ್ಜ್ ಸಮ್ಮರಿ ಬರೆಯುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ, ಬೆಳಗಿನ ಪಾಳಿಯವರು ಎರಡು ಗಂಟೆಗೆ ಹ್ಯಾಂಡ್‌ಓವರ್ ಕೊಟ್ಟು ಹೊರಡುತ್ತಾರೆ. ರೋಗಿಯನ್ನು ಬಲ್ಲವರು ಹೋಗಿರುತ್ತಾರೆ, ಹೊಸದಾಗಿ ಬಂದವರಿಗೆ ಆ ಮನೆಯವರು ಯಾರೆಂಬುದೇ ಗೊತ್ತಿರುವುದಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು. ರಾತ್ರಿ ಪಾಳಿಯಲ್ಲಿ ಯಾವುದಾದರೂ ಮೆಡಿಕಲ್ ವಾರ್ಡಿಗೆ ಹೋಗಿ ಎಣಿಸಿ ನೋಡಿದರೆ ನನ್ನ ಸಂಕಟ ತಿಳಿಯುತ್ತದೆ.

ಮಾನ್ವಿ_ಮೇಷ್ಟ್ರು

ಸಿಸ್ಟರ್ ಹೇಳಿದ್ದರಲ್ಲೇ ಉತ್ತರವಿದೆ. ಒಬ್ಬರ ಒಳ್ಳೆಯತನವನ್ನು ನಾವು ಹಾಡಿ ಹೊಗಳುತ್ತಾ ಕುಳಿತರೆ, ಆಡಳಿತದವರಿಗೆ ಹುದ್ದೆ ಮಂಜೂರು ಮಾಡುವ ಅಗತ್ಯವೇ ಕಾಣಿಸುವುದಿಲ್ಲ. ಆ ಸಿಸ್ಟರ್‌ಗೆ ನಾಳೆ ವರ್ಗವಾದರೆ ಮುಂದಿನ ರೋಗಿಯ ಗತಿ ಏನು? ಸನ್ಮಾನ ಮಾಡಿ ಶಾಲು ಹೊದಿಸುವುದನ್ನು ಬಿಟ್ಟು ಹುದ್ದೆ ಕೇಳೋಣ.

ಗಂಗಾವತಿ_ಸೊಸೆ

ಮೇಷ್ಟ್ರೇ, ಶಾಲಿನ ಮಾತನ್ನು ನಾನು ಆಡಿಲ್ಲ. ಹುದ್ದೆ ಇದೆಯೇ ಎಂದೇ ಕೇಳಿದ್ದೇನೆ.

ಕುಷ್ಟಗಿ_ಕಾಕಾ

ಇದಕ್ಕೆಲ್ಲ ಸರ್ಕಾರ ಏಕೆ ಬೇಕು ಎಂಬುದು ನನಗೆ ಅರ್ಥವಾಗುತ್ತಿಲ್ಲ. ನಮ್ಮ ಅವ್ವ ಹಾಸಿಗೆ ಹಿಡಿದಾಗ ಮನೆಯ ಹೆಣ್ಣುಮಕ್ಕಳೇ ಮೈ ಒರೆಸಿ, ಎಣ್ಣೆ ತಿಕ್ಕಿ, ಗಂಜಿ ಕುಡಿಸಿ ನೋಡಿಕೊಂಡರು. ಆಗ ಯಾವ ನರ್ಸ್ ಬಂದು ಕಲಿಸಿದ್ದರು?

ದೇವದುರ್ಗ_ಗುಳೆ

ಕಾಕಾ, ಆ ಹೆಣ್ಣುಮಕ್ಕಳು ಈಗ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ. ನಮ್ಮ ಓಣಿಯಲ್ಲಿ ಸುಗ್ಗಿ ಮುಗಿದ ಮೇಲೆ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ನನ್ನ ಅಪ್ಪನನ್ನು ಆಸ್ಪತ್ರೆಯಿಂದ ಕರೆತಂದಾಗ ಕೂಲಿ ಬಿಟ್ಟು ಊರಿನಲ್ಲಿ ಕೂರಲು ನನ್ನಿಂದ ಆಗಲಿಲ್ಲ, ಅವ್ವನಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಚೀಟಿಯಲ್ಲಿ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಎಂದು ಬರೆದಿದ್ದನ್ನು ಪಕ್ಕದ ಮನೆಯ ಹುಡುಗಿ ಬಂದು ಓದಿ ಹೇಳಬೇಕಾಗುತ್ತಿತ್ತು. ಕಲಿಸುವವರು ಇದ್ದರೂ, ಯಾರಿಗೆ ಕಲಿಸಬೇಕು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ವಾರ್ಡಿನಲ್ಲಿ ಪಕ್ಕದಲ್ಲಿ ಕೂತಿರುವವನೇ ಮನೆಯಲ್ಲಿ ನೋಡಿಕೊಳ್ಳುವವನು ಎಂದು ತಿಳಿದರೆ ಎಲ್ಲವೂ ವ್ಯರ್ಥ.

ಸಿಂಧನೂರಿನ_ಸಿಸ್ಟರ್

ದೇವದುರ್ಗದ ತಮ್ಮ ಹೇಳಿದ ಮಾತನ್ನು ನಮ್ಮ ನರ್ಸಿಂಗ್ ಶಾಲೆಗಳಲ್ಲಿ ಮೊದಲನೆಯ ಪಾಠವಾಗಿ ಇಡಬೇಕು.

ಕಾಕಾ ಅವರಿಗೆ ಒಂದು ವಿನಂತಿ. ಎಣ್ಣೆ ತಿಕ್ಕುವುದು ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆ ಇಲ್ಲೆಲ್ಲ ಚರ್ಮ ಕೆಂಪಾಗಿದ್ದರೆ ಅಲ್ಲಿ ತಿಕ್ಕಲೇಬಾರದು. ಒತ್ತಡದಿಂದ ಒಳಗಿನ ಮಾಂಸ ಆಗಲೇ ನಲುಗಿರುತ್ತದೆ, ತಿಕ್ಕಿದರೆ ಹುಣ್ಣು ಬೇಗ ಬಾಯಿ ಬಿಡುತ್ತದೆ. ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು. ಗಾಳಿ ತುಂಬಿದ ರಬ್ಬರ್ ರಿಂಗಿನ ಮೇಲೆ ಕೂರಿಸುವ ರೂಢಿಯನ್ನೂ ಬಿಡುವುದು ಒಳ್ಳೆಯದು, ಅದರ ಅಂಚಿನಲ್ಲೇ ಒತ್ತಡ ಹೆಚ್ಚಾಗುತ್ತದೆ.

ಕುಷ್ಟಗಿ_ಕಾಕಾ

ತಿಕ್ಕಬಾರದೆಂಬುದು ನನಗೆ ತಿಳಿದಿರಲಿಲ್ಲ. ಆದರೂ ಮನೆಯವರ ಕರುಳು ಪಗಾರದ ನರ್ಸಿಗೆ ಬರುವುದಿಲ್ಲ ಎಂಬ ನನ್ನ ಮಾತಿನಲ್ಲಿ ಬದಲಾವಣೆ ಇಲ್ಲ.

ಫಿಸಿಯೋ_ರಾಯಚೂರು

ಮನೆಯವರಿಗೆ ಕಲಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಹರಿದಾಡುತ್ತಿರುವುದರಿಂದ ಸ್ವಲ್ಪ ತಡೆಯಬೇಕೆನಿಸಿತು. ಭಾರತದ 14 ಆಸ್ಪತ್ರೆಗಳಲ್ಲಿ 1250 ಪಾರ್ಶ್ವವಾಯು ರೋಗಿಗಳನ್ನು ಸೇರಿಸಿಕೊಂಡು ಅಟೆಂಡ್ ಎಂಬ ಹೆಸರಿನ ಪ್ರಯೋಗ ನಡೆಯಿತು, ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳ ಮನೆಯವರಿಗೆ ಆಸ್ಪತ್ರೆಯಲ್ಲೇ ಪುನಶ್ಚೇತನದ, ಅಂದರೆ ರೋಗಿ ಮತ್ತೆ ಓಡಾಡಿ ತನ್ನ ಕೆಲಸ ಮಾಡಿಕೊಳ್ಳುವಂತೆ ಮಾಡುವ ಆರೈಕೆಯ, ತರಬೇತಿ ಕೊಟ್ಟು, ಮನೆಯಲ್ಲಿ ಮುಂದುವರಿಸುವಂತೆ ಹೇಳಲಾಯಿತು. ಆರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾಗಿಯೇ ಉಳಿದವರು ಎರಡೂ ಗುಂಪುಗಳಲ್ಲಿ ಶೇ. 47. ಅಂದರೆ ವ್ಯತ್ಯಾಸವೇ ಇರಲಿಲ್ಲ.

ಹಾಗೆಂದು ಕಲಿಸುವುದೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಸ್ವಾಧೀನವಿಲ್ಲದ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸುವುದರಿಂದ ಭುಜದ ಕೀಲು ಜಾರಿ, ನೋವಿನಿಂದ ವ್ಯಾಯಾಮವನ್ನೇ ಬಿಟ್ಟವರನ್ನು ವಾರವಾರವೂ ನೋಡುತ್ತೇನೆ. ಆದರೆ ಕೆಲಸವನ್ನೆಲ್ಲ ಮನೆಯವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದಕ್ಕೆ ತರಬೇತಿ ಎಂಬ ಚೆಂದದ ಹೆಸರು ಕೊಡಬಾರದು.

ತೋರಣಗಲ್ಲು_ಶಿಫ್ಟ್

ಹಾಗಾದರೆ ನರ್ಸಿನಿಂದಲೂ ಉಪಯೋಗವಿಲ್ಲವೆಂದೇ ಆಯಿತಲ್ಲ?

ಫಿಸಿಯೋ_ರಾಯಚೂರು

ಇಲ್ಲ ಸರ್, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇರಿ ನೇಯ್ಲರ್ ಅವರ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 363 ವೃದ್ಧ ರೋಗಿಗಳಿದ್ದರು. ಅಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ರೋಗಿಯ ಪರಿಚಯ ಮಾಡಿಕೊಂಡ ನರ್ಸೇ ಮನೆಗೂ ಹೋಗುತ್ತಿದ್ದರು, ಫೋನಿನಲ್ಲೂ ಸಿಗುತ್ತಿದ್ದರು. 24 ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಆ ಗುಂಪಿನಲ್ಲಿ ಸುಮಾರು ಶೇ. 20, ಉಳಿದವರಲ್ಲಿ ಶೇ. 37. ಒಂದು ಪ್ರಯೋಗ ಲಕ್ವದ ಪುನಶ್ಚೇತನದ್ದು, ಇನ್ನೊಂದು ಮರುದಾಖಲಾತಿಯದ್ದು. ರೋಗ ಬೇರೆ, ದೇಶ ಬೇರೆ, ಅಳತೆ ಬೇರೆ. ನನ್ನ ಗಮನಕ್ಕೆ ಬಂದದ್ದು ಇಷ್ಟೇ: ಎರಡನೆಯದರಲ್ಲಿ ಜವಾಬ್ದಾರಿ ಒಬ್ಬ ವೃತ್ತಿಪರರ ಕೈಯಲ್ಲೇ ಉಳಿದಿತ್ತು.

ಮಾನ್ವಿ_ಮೇಷ್ಟ್ರು

ನಾನು ಹುದ್ದೆ ಕೇಳೋಣ ಎಂದದ್ದೂ ಇದಕ್ಕೇ. ವಾರ್ಡಿನಲ್ಲಿ ಒಬ್ಬರು, ಊರಿನಲ್ಲಿ ಇನ್ನೊಬ್ಬರು, ನಡುವೆ ಒಂದು ಹಾಳೆ ಎಂದಾದರೆ ರೋಗಿ ಆ ನಡುವಿನಲ್ಲೇ ಬೀಳುತ್ತಾನೆ.

ಯಲಬುರ್ಗಾ_ಆಶಾ

ನಮಸ್ಕಾರ, ನಾನು ಆಶಾ ಕಾರ್ಯಕರ್ತೆ. ಇಂಥ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಎಂಬಂತೆ ಎಲ್ಲರೂ ಬರೆಯುತ್ತಿರುವುದನ್ನು ನೋಡಿ ಬೇಸರವಾಯಿತು. ಬಾಣಂತಿ ಮತ್ತು ಮಗುವಿಗೆ ಇದು ಎಂದೋ ಬಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯನ್ನು ಮನೆಗೆ ಬಿಡಲು ನಗು ಮಗು ವಾಹನವಿದೆ. ಆಮೇಲೆ ನಾವು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗಿ ಮಗುವನ್ನು ತೂಗುತ್ತೇವೆ, ಜ್ವರ ನೋಡುತ್ತೇವೆ, ಹೊಕ್ಕಳು ನೋಡುತ್ತೇವೆ, ಹಾಲು ಕುಡಿಯುವುದನ್ನು ಎದುರಿಗೇ ಕೂತು ಗಮನಿಸುತ್ತೇವೆ, ಅಪಾಯದ ಚಿಹ್ನೆ ಕಂಡರೆ ಮೇಲಿನ ಆಸ್ಪತ್ರೆಗೆ ಕಳುಹಿಸುತ್ತೇವೆ. ಯಾವ ದಿನ ಯಾರು ಹೋಗಬೇಕು, ಏನು ನೋಡಬೇಕು ಎಂಬುದೆಲ್ಲ ಫಾರಂನಲ್ಲಿ ಅಚ್ಚಾಗಿದೆ.

ಅದೇ ಮನೆಯ ಪಡಸಾಲೆಯಲ್ಲಿ ಲಕ್ವ ಹೊಡೆದು ಮಲಗಿರುವ ಅಜ್ಜನ ಹೆಸರು ಮಾತ್ರ ನನ್ನ ಯಾವ ಫಾರಂನಲ್ಲೂ ಇರುವುದಿಲ್ಲ. ಆತ ಆಸ್ಪತ್ರೆಯಿಂದ ಬಂದ ಸುದ್ದಿಯನ್ನು ನನಗೆ ಹೇಳುವವರು ಊರಿನ ಕಿರಾಣಿ ಅಂಗಡಿಯವರು. ನನಗೆ ಆ ಅಜ್ಜನನ್ನೂ ಕೊಡಿ ಎಂದು ನಾನು ಕೇಳುತ್ತಿಲ್ಲ, ಈಗಿರುವ ಪ್ರೋತ್ಸಾಹಧನಕ್ಕೆ ಈಗಿರುವ ಕೆಲಸವೇ ಸಾಕುಸಾಕಾಗಿದೆ. ಆದರೆ ವಾರ್ಡಿನ ಸಿಸ್ಟರ್ ನಮ್ಮ ಉಪಕೇಂದ್ರಕ್ಕೆ ಒಂದು ಫೋನ್ ಮಾಡಿ "ಇಂಥವರು ಬರುತ್ತಿದ್ದಾರೆ" ಎಂದು ತಿಳಿಸುವುದಕ್ಕೆ ಏನು ತೊಂದರೆ?

ಸಿಂಧನೂರಿನ_ಸಿಸ್ಟರ್

ತೊಂದರೆ ಏನಿಲ್ಲ ಅಕ್ಕಾ, ಯಾರಿಗೆ ಮಾಡಬೇಕೆಂಬ ನಂಬರೇ ನಮ್ಮ ಕೈಯಲ್ಲಿಲ್ಲ. ಮೊದಲು ಹೆಲ್ತ್ ಅಂಡ್ ವೆಲ್‌ನೆಸ್ ಸೆಂಟರ್ ಎನ್ನುತ್ತಿದ್ದ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಾಗಿರುವ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಅವರಲ್ಲಿ ಬಹುಪಾಲು ನರ್ಸಿಂಗ್ ಓದಿದವರೇ. ವೃದ್ಧರ ಆರೈಕೆ ಮತ್ತು ಉಪಶಾಮಕ ಆರೈಕೆ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ಆ ಕೇಂದ್ರಗಳ ಸೇವೆಗಳ ಪಟ್ಟಿಯಲ್ಲೇ ಇವೆ. ಅಂದರೆ ಊರಿನ ತುದಿಯಲ್ಲಿ ಕೈ ಚಾಚಲು ಒಬ್ಬ ನರ್ಸ್ ಇದ್ದಾರೆ, ಆಸ್ಪತ್ರೆಯ ತುದಿಯಲ್ಲಿ ಆ ಕೈಗೆ ಒಪ್ಪಿಸಲು ಯಾರನ್ನೂ ನೇಮಿಸಿಲ್ಲ.

ಇನ್ನೊಂದು ವಿಷಯವನ್ನೂ ಸೇರಿಸುತ್ತೇನೆ. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ನೂರಾ ಹೆಲ್ತ್ ಎಂಬ ಸಂಸ್ಥೆಯ ಸಹಯೋಗದಲ್ಲಿ ನರ್ಸ್‌ಗಳೇ ವಾರ್ಡಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಆರೈಕೆ ಕಲಿಸುವ ಕಾರ್ಯಕ್ರಮ ನಡೆದಿದೆ. ಆದ್ದರಿಂದ ಸಿಸ್ಟರ್ ಕಲಿಸುವುದು ಅಪರೂಪದ ಸಂಗತಿಯೇನಲ್ಲ. ಮನೆಗೆ ಹೋದ ಮೇಲೆ ಅವರೇ ಕೇಳುವುದು ಅಪರೂಪ.

ಸಿರುಗುಪ್ಪ_ಭತ್ತ

ನಮ್ಮ ಕಡೆ ಅರ್ಧ ಜನ ತೆಲುಗು ಮಾತನಾಡುತ್ತಾರೆ, ಬಳ್ಳಾರಿ ಪೇಟೆಯಲ್ಲಿ ಉರ್ದು ಮಾತನಾಡುವವರೂ ಬಹಳ. ಡಿಸ್ಚಾರ್ಜ್ ಹಾಳೆ ಕನ್ನಡದಲ್ಲಿ ಬರಲಿ ಎಂದು ಹೋರಾಡುವವರು ಇದನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಓದಲು ಬಾರದವರಿಗೆ ಯಾವ ಭಾಷೆಯ ಹಾಳೆಯೂ ಒಂದೇ. ಬಾಯಲ್ಲಿ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುವ ಒಬ್ಬರು ಬೇಕು.

ತೋರಣಗಲ್ಲು_ಶಿಫ್ಟ್

ದುಡ್ಡು ಕೊಟ್ಟು ಹೋಂ ನರ್ಸ್ ಇಟ್ಟುಕೊಂಡರೆ ಈ ತಲೆನೋವೇ ಇರುವುದಿಲ್ಲ. ನಾವು ಬ್ಯೂರೋ ಒಂದರ ಮೂಲಕ ಇಟ್ಟುಕೊಂಡಿದ್ದೆವು.

ಕೌಲ್‌ಬಜಾರ್_ಹುಡುಗ

ಎಷ್ಟು ಕೊಟ್ಟಿರಿ, ಅವರು ನಿಜವಾಗಿಯೂ ನರ್ಸ್ ಆಗಿದ್ದರೇ ಎಂಬುದನ್ನೂ ಹೇಳಿ ಅಣ್ಣಾ.

ತೋರಣಗಲ್ಲು_ಶಿಫ್ಟ್

ಸಂಬಳದ ಮಾತು ಇಲ್ಲಿ ಬೇಡ, ನನ್ನ ಒಂದು ಇನ್‌ಕ್ರಿಮೆಂಟಿನ ಆಸೆಯೆಲ್ಲ ಅದರಲ್ಲೇ ಹೋಯಿತು. ನರ್ಸ್ ಎಂದೇ ಕಳುಹಿಸಿದ್ದರು. ಇನ್ಸುಲಿನ್ ಸಿರಿಂಜ್ ಹಿಡಿದ ರೀತಿ ನೋಡಿದಾಗ ಅನುಮಾನ ಬಂತು, ವಿಚಾರಿಸಿದರೆ ಆಕೆ ಹೊಲಿಗೆ ಕೆಲಸ ಬಿಟ್ಟು ಬಂದವರು. ಪಾಪ, ಅವ್ವನನ್ನು ಬಹಳ ಅಕ್ಕರೆಯಿಂದ ನೋಡಿಕೊಂಡರು, ಅದಕ್ಕೆ ಎರಡು ಮಾತಿಲ್ಲ. ಆದರೆ ನರ್ಸ್ ಬೇಕೆಂದವರು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಿಯೇ ಮನೆಯೊಳಗೆ ಕರೆದುಕೊಳ್ಳಬೇಕು.

ಫಿಸಿಯೋ_ರಾಯಚೂರು

ಇನ್ಸುಲಿನ್ ಮಾತು ಬಂದದ್ದರಿಂದ ಒಂದು ಪ್ರಶ್ನೆ, ಸಿಸ್ಟರ್. ನಮ್ಮ ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಎಷ್ಟೋ ಮನೆಗಳಲ್ಲಿ ಫ್ರಿಜ್ ಇಲ್ಲ. ಅಂಥವರಿಗೆ ನೀವು ಏನು ಹೇಳಿ ಕಳುಹಿಸುತ್ತೀರಿ?

ಸಿಂಧನೂರಿನ_ಸಿಸ್ಟರ್

ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿಯೇ ಇಡಬೇಕು, ಅದಕ್ಕೆ ಫ್ರಿಜ್ ಇರುವ ನೆರೆಮನೆಯನ್ನೋ ಮೆಡಿಕಲ್ ಶಾಪನ್ನೋ ಆಶ್ರಯಿಸಬೇಕು, ಆದರೆ ಫ್ರೀಜರಿನ ಹತ್ತಿರ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಸೀಸೆ ಸಾಮಾನ್ಯವಾಗಿ 28 ದಿನ ಹೊರಗಿರಬಹುದು, ಆದರೆ ಆ ಲೆಕ್ಕ 25-30 ಡಿಗ್ರಿಯ ಕೋಣೆಗೆ ಸಂಬಂಧಿಸಿದ್ದು, ನಮ್ಮ ತಗಡಿನ ಮನೆಗಳಿಗಲ್ಲ. ಸೀಸೆಯನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ತಳದಲ್ಲಿ ಸ್ವಲ್ಪ ನೀರಿರುವ ಮಣ್ಣಿನ ಗಡಿಗೆಯಲ್ಲಿಟ್ಟು, ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿ ಇಡುವಂತೆ ಹೇಳುತ್ತೇನೆ. ಗಡಿಗೆ ಫ್ರಿಜ್ಜಿಗೆ ಸಮವಲ್ಲ, ಆದರೆ ಕಿಟಕಿಯ ಗೂಡಿಗಿಂತ ಎಷ್ಟೋ ತಂಪು.

ಮಾನ್ವಿ_ಮೇಷ್ಟ್ರು

ರಾಯಚೂರಿಗೆ ಏಮ್ಸ್ ಬಂದಿದ್ದರೆ ಇವೆಲ್ಲ ತಾನಾಗಿಯೇ ಸರಿಹೋಗುತ್ತಿತ್ತು. ವರ್ಷಾನುಗಟ್ಟಲೆ ಧರಣಿ ಕೂತರೂ ಕೇಳುವವರಿಲ್ಲ.

ನಿರ್ವಾಹಕ

ಮೇಷ್ಟ್ರೇ, ಏಮ್ಸ್ ಹೋರಾಟಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ.

ಕೌಲ್‌ಬಜಾರ್_ಹುಡುಗ

ಏಮ್ಸ್ ಬಂದರೂ ಅಲ್ಲಿಂದ ಮನೆಗೆ ಬರಲೇಬೇಕಲ್ಲ ಮೇಷ್ಟ್ರೇ.

ಮಾನ್ವಿ_ಮೇಷ್ಟ್ರು

ಒಪ್ಪಿದೆ. ಹಾಗಾದರೆ ವಿಷಯಕ್ಕೇ ಬರುತ್ತೇನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಕಾರಣದಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತ್ಯೇಕ ಅನುದಾನ ಬರುತ್ತದೆ. ಅದರಲ್ಲಿ ಕಟ್ಟಡ ಕಟ್ಟುವುದು ಎಲ್ಲರಿಗೂ ಪ್ರಿಯ, ಏಕೆಂದರೆ ಕಟ್ಟಡಕ್ಕೆ ಶಿಲಾನ್ಯಾಸವಿರುತ್ತದೆ, ರಿಬ್ಬನ್ ಇರುತ್ತದೆ. ಜಿಲ್ಲೆಗೆ ಇಬ್ಬರು ನರ್ಸ್‌ಗಳನ್ನು ಈ ಕೆಲಸಕ್ಕೆಂದೇ ನೇಮಿಸಿ, ಒಂದು ಫೋನ್, ಒಂದು ಸ್ಕೂಟರ್ ಕೊಟ್ಟರೆ ಆಗುವ ವೆಚ್ಚ ಒಂದು ಸ್ವಾಗತ ಕಮಾನಿನ ವೆಚ್ಚಕ್ಕಿಂತ ಹೆಚ್ಚಾಗಲಾರದು. ನಮ್ಮ ಶಾಸಕರಿಗೆ ಮನವಿ ಬರೆಯುವುದಾದರೆ ಇದನ್ನೇ ಬರೆಯೋಣ.

ದೇವದುರ್ಗ_ಗುಳೆ

ಮನವಿ ಹೋಗಲಿ, ಅದಕ್ಕೆ ಉತ್ತರ ಬರುವವರೆಗೆ ರೋಗಿಗಳು ಮನೆಗೆ ಬರುವುದು ನಿಲ್ಲುವುದಿಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಮನೆಗೆ ಬಂದ ಮೇಲಿನ ಖರ್ಚು ಸಿಗುವುದೇ, ಯಾರಿಗಾದರೂ ತಿಳಿದಿದೆಯೇ?

ಸಿಂಧನೂರಿನ_ಸಿಸ್ಟರ್

ಆ ಕಾರ್ಡ್ ಕೊಡುವ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮದಂತೆ ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ತಪಾಸಣೆ ಮತ್ತು ಔಷಧಿಯ ವೆಚ್ಚ ಪ್ಯಾಕೇಜಿನಲ್ಲಿಯೇ ಸೇರಿದೆ. ನೀವು ಹೊರಡುವ ಮುನ್ನ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಮೇಜಿನ ಹತ್ತಿರ ಹೋಗಿ, ನಿಮ್ಮ ಪ್ಯಾಕೇಜಿನಲ್ಲಿ ಎಷ್ಟು ದಿನದ ಮಾತ್ರೆ ಬರುತ್ತದೆ ಎಂದು ಕೇಳಬೇಕು. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಕುಷ್ಟಗಿ_ಕಾಕಾ

15 ದಿನದಲ್ಲಿ ಲಕ್ವ ಹೊಡೆದವನು ಎದ್ದು ಹೊಲಕ್ಕೆ ಹೋಗುತ್ತಾನೆಯೇ?

ಸಿಂಧನೂರಿನ_ಸಿಸ್ಟರ್

ಇಲ್ಲ ಕಾಕಾ. ಈ ಸಲ ನೀವು ಹೇಳಿದ್ದೇ ಸರಿ.

ಗಂಗಾವತಿ_ಸೊಸೆ

ಎಲ್ಲರಿಗೂ ಧನ್ಯವಾದ. ಹುದ್ದೆ ಇಲ್ಲ ಎಂಬುದು ಸ್ಪಷ್ಟವಾಯಿತು. ಮೇಷ್ಟ್ರ ಮನವಿಗೆ ನಾನೂ ಸಹಿ ಹಾಕುತ್ತೇನೆ, ಆದರೆ ಅದರಲ್ಲಿ ಆಶಾ ಅಕ್ಕ ಹೇಳಿದ ಮಾತನ್ನೂ ಸೇರಿಸಬೇಕು: ಮಗುವಿಗೆ ದಿನ ಗೊತ್ತುಮಾಡಿದಂತೆ ಹಾಸಿಗೆ ಹಿಡಿದು ಬಂದವರಿಗೂ ದಿನ ಗೊತ್ತುಮಾಡಲಿ. ಕಾಕಾ ಅವರಿಗೆ ಒಂದೇ ಮಾತು. ನನ್ನಲ್ಲಿ ಕರುಳಿಗೇನೂ ಕೊರತೆ ಇರಲಿಲ್ಲ, ಮೂಗಿನ ಟ್ಯೂಬಿಗೆ ಮಾತ್ರೆ ಪುಡಿ ಮಾಡಿ ಹಾಕಬಹುದೇ ಎಂಬುದು ಗೊತ್ತಿರಲಿಲ್ಲ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಬಾರದು, ನಿಧಾನವಾಗಿ ಕರಗುವಂತೆ ಮಾಡಿದವುಗಳನ್ನು ಕುಟ್ಟಿದರೆ ಔಷಧವೆಲ್ಲ ಒಮ್ಮೆಗೇ ಮೈಸೇರುತ್ತದೆ ಎಂದು ಆ ಸಿಸ್ಟರ್ ಹೇಳಿದ ಮೇಲೆಯೇ ತಿಳಿಯಿತು.

ದೇವದುರ್ಗ_ಗುಳೆ

ಕೊನೆಯದಾಗಿ ಒಂದು ಸಹಾಯ. ಅಪ್ಪನಿಗೆ ಮೂತ್ರದ ಪೈಪ್ ಹಾಕಿದ್ದಾರೆ, ಬದಲಿಸಲು ನಾಡಿದ್ದು ರಾಯಚೂರಿಗೆ ಕರೆದೊಯ್ಯಬೇಕು. ಕಾರು ಮಾಡಿಕೊಳ್ಳುವಷ್ಟು ಶಕ್ತಿ ಇಲ್ಲ, ಬಸ್ಸಿನಲ್ಲೇ ಹೋಗುತ್ತೇವೆ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಸಾಕೇ?

ಸಿಂಧನೂರಿನ_ಸಿಸ್ಟರ್

ತೊಡೆಯ ಮೇಲೆ ಬೇಡ ತಮ್ಮಾ. ಮೂತ್ರಕೋಶಕ್ಕಿಂತ ಚೀಲ ಸದಾ ಕೆಳಗೇ ಇರಬೇಕು, ಮೇಲಿದ್ದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಬಸ್ ಹತ್ತುವ ಮುನ್ನ ಚೀಲವನ್ನು ಖಾಲಿ ಮಾಡಿ, ಪೈಪನ್ನು ತೊಡೆಗೆ ಜಗ್ಗದಂತೆ ಪ್ಲಾಸ್ಟರ್ ಹಚ್ಚಿ, ಚೀಲವನ್ನು ಮೊಣಕಾಲಿನ ಕೆಳಗೆ ಪಂಚೆಯ ಮರೆಯಲ್ಲಿ ಕಟ್ಟಿ. ಅದು ಬಸ್ಸಿನ ನೆಲಕ್ಕೆ ತಾಗಬಾರದು, ಪೈಪ್ ಎಲ್ಲೂ ಮಡಚಿಕೊಳ್ಳಬಾರದು. ಪೈಪ್ ರಬ್ಬರಿನದೋ ಸಿಲಿಕಾನಿನದೋ ಎಂದು ಅಲ್ಲಿ ಕೇಳಿ ಬರೆಸಿಕೊಳ್ಳಿ. ಸಿಲಿಕಾನಿನದು ಹೆಚ್ಚು ದಿನ ಇರಬಹುದಾದ್ದರಿಂದ ಮುಂದಿನ ಬದಲಾವಣೆಯ ತಾರೀಖು ಅದರ ಮೇಲೆ ನಿಂತಿರುತ್ತದೆ. ಹಾಗೆಯೇ ನಿಮ್ಮ ಊರಿನ ಉಪಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯನ್ನು ನಾಳೆಯೇ ಕಂಡು ಚೀಟಿ ತೋರಿಸಿ, ಮುಂದಿನ ಸಲ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬದಲಿಸಲು ಸಾಧ್ಯವೇ ಎಂದು ವಿಚಾರಿಸಿ.

ದೇವದುರ್ಗ_ಗುಳೆ

ಆಯಿತು ಅಕ್ಕಾ, ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.